ಗೋಡೆಯಿಲ್ಲದ ಕೋಟೆಯ ಗುಂಡ

ಸ್ಯಾನ್ ಪೀಡ್ರೊ ಬಂದರಿಗೆ ಇನ್ನೂ ಅರ್ಧ ಗಂಟೆಯ ದಾರಿ ಇರುವಾಗಲೇ ಗೋಪಿನಾಥನಿಗೆ ಕುದುರೆ ದಳದ ಕ್ಯಾಪ್ಟನ್ನನ ಹೆಸರು ಮರೆತುಹೋಯಿತು. ಸ್ಟೀರಿಂಗ್ ಹಿಡಿದೇ ಅಕಾರದಿಂದ ಒಂದೊಂದೇ ಅಕ್ಷರ ತಡಕಾಡಿದ. ಹೆಣ್ಣು ನೋಡಲು ಹೊರಟವನು ಹೂವು ಮರೆಯಬಹುದು, ಸ್ವೀಟು ಮರೆಯಬಹುದು. ಕ್ಯಾನ್ಸಸ್‌ನ ಫೋರ್ಟ್ ಎಲ್ಡನ್ ಎಂಬ ಸೇನಾ ಕೋಟೆಯ ಇತಿಹಾಸ ಮರೆತರೆ ಇವತ್ತು ಕತೆ ಮುಗಿದಂತೆಯೇ.

ಹಿಂದೆ ನೋಡಿದ ಹುಡುಗಿಯರೆಲ್ಲ "ಒಳ್ಳೆಯವರು, ಆದರೆ ಮಾತಾಡೋಕೆ ಏನೂ ಇಲ್ಲ" ಎಂದು ಅವನನ್ನು ಬಿಟ್ಟವರೇ. ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಕೊರೋನಾ ಕಾಲವನ್ನು ಒಬ್ಬನೇ ಕಳೆದು, ಫ್ರಿಜ್ಜಿನ ಜೊತೆ ಮಾತಾಡುವ ಮಟ್ಟಕ್ಕೆ ಬಂದಿದ್ದ. ಅಂಥ ಹೊತ್ತಿನಲ್ಲಿ ಫೋರ್ ಎಸ್ ರ್ಯಾಂಚ್ ಬಡಾವಣೆಯ ಕುಮುದಾ ಆಂಟಿ ಮೇಧಾಳ ಫೋಟೋ ಕಳಿಸಿದರು. ಅವಳಿಗೆ ಸ್ಯಾನ್ ಪೀಡ್ರೊ ಬಂದರಿನ ಸರಕು ಸಾಗಣೆ ಆಫೀಸಿನಲ್ಲಿ ಕೆಲಸ. ಫೋಟೋದಲ್ಲಿ ನಗುವಾಗ ಒಂದು ಹುಬ್ಬು ಮಾತ್ರ ಮೇಲೇರಿತ್ತು. ಗೋಪಿನಾಥ ಆ ಹುಬ್ಬಿಗೇ ಬಿದ್ದುಹೋದ.

"ಒಂದೇ ಒಂದು ವಿಷಯ," ಎಂದಿದ್ದರು ಆಂಟಿ. "ಅವಳಿಗೆ ಕೋಟೆ ಅಂದ್ರೆ ಪ್ರಾಣ. ಅದೂ ಫೋರ್ಟ್ ಎಲ್ಡನ್. ಅದು ಗೊತ್ತಿಲ್ಲದ ಹುಡುಗನ್ನ ತಿರುಗಿಯೂ ನೋಡಲ್ಲ. ನಮ್ಮೋರು ಭಾನುವಾರ ಝೂಮ್‌ನಲ್ಲಿ ಅದನ್ನೇ ಹೇಳಿಕೊಡ್ತಾರೆ, ಸೇರ್ಕೋ. ಕ್ಯಾಮರಾ ಆಫ್ ಇರಲಿ, ಹೆಸರೂ ಹಾಕ್ಬೇಡ. ಕಲಿತ್ಕೊಂಡು ಬಂದೆ ಅಂತ ಅವಳಿಗೆ ಗೊತ್ತಾಗಬಾರದು ನೋಡು."

ಆಂಟಿಯ ಗಂಡ ರಾಜೀವ್ ಅಂಕಲ್ ರಿಟೈರ್ ಆಗಿದ್ದವರು. ಕ್ಯಾನ್ಸಸ್‌ನಲ್ಲಿ ಕೆಲಸದಲ್ಲಿದ್ದಾಗ ಆ ಕೋಟೆಯ ಹುಚ್ಚು ಹತ್ತಿಸಿಕೊಂಡಿದ್ದರು. ಅವರ ಪಾಠಕ್ಕೆ ಆರಂಭವಿತ್ತು, ಕೊನೆ ಇರಲಿಲ್ಲ.

ಮೊದಲ ದಿನವೇ ಗೋಪಿನಾಥ ಬೆಪ್ಪಾದ. ಫೋರ್ಟ್ ಎಲ್ಡನ್‌ಗೆ ಗೋಡೆಯೇ ಇರಲಿಲ್ಲ! ಬುರುಜು, ಹೆಬ್ಬಾಗಿಲು, ಕಂದಕ, ಊಹೂಂ. ಬಟ್ಟಬಯಲಲ್ಲಿ ನಾಲ್ಕು ಬ್ಯಾರಕ್ಕು, ಒಂದು ಬಾವುಟ. ಚಿತ್ರದುರ್ಗ ನೋಡಿ ಬೆಳೆದವನಿಗೆ ಇದನ್ನು ಕೋಟೆ ಎಂದು ಒಪ್ಪಲು ಎರಡು ಭಾನುವಾರ ಬೇಕಾಯಿತು. ನೂರೈವತ್ತು ವರ್ಷದ ಹಿಂದೆ, ಮರವಿಲ್ಲದ ಆ ಸೀಮೆಯಲ್ಲಿ ಸೈನಿಕರು ಬೈಸನ್ನಿನ ಒಣ ಸಗಣಿ ಉರಿಸಿ ಚಳಿ ಕಾಯಿಸಿಕೊಂಡರು. ಪಾನೀ ಎಂಬ ಮೂಲನಿವಾಸಿ ಬುಡಕಟ್ಟಿನವರ ನೆಲದಲ್ಲಿ ಬೀಡುಬಿಟ್ಟು, ಆ ಜನರಿಂದಲೇ ತಮಗೆ ರಕ್ಷಣೆ ಬೇಕೆಂದರು. "ಕರೀದೆ ಬಂದು ನಡುಮನೇಲಿ ಕೂತು, ಮನೆಯೋರಿಗೇ ಬಾಗಿಲು ಹಾಕಿದ ಹಾಗೆ!" ಎಂದು ಅಂಕಲ್ ಕೆರಳುತ್ತಿದ್ದರು.

ನದಿಯಿಂದ ಕೋಟೆಗೆ ನೀರಿನ ಗಾಡಿ ಎಳೆಯುತ್ತಿದ್ದ ಹೇಸರಗತ್ತೆಯ ವಿಷಯ ಬಂದರೆ ಮಾತ್ರ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅದರ ಹೆಸರು ಯಾವ ದಾಖಲೆಯಲ್ಲೂ ಸಿಗದೆ, ಕೊನೆಗೆ ಅವರೇ "ಗುಂಡ" ಎಂದು ನಾಮಕರಣ ಮಾಡಿಬಿಟ್ಟಿದ್ದರು.

ಪಾಠಕ್ಕೆ ಇನ್ನೊಬ್ಬರೂ ಬರುತ್ತಿದ್ದರು. ಬರೀ ಕಪ್ಪು ಚೌಕ, ಹೆಸರಿನ ಜಾಗದಲ್ಲಿ "ಐಪ್ಯಾಡ್". ಒಂದು ಭಾನುವಾರವೂ ತಪ್ಪಿಸಿದ್ದಿಲ್ಲ. ಗೋಪಿನಾಥನಿಗೆ ಅನುಮಾನ ಹತ್ತಿತು. ಇಷ್ಟು ನಿಯತ್ತಾಗಿ ಕೂರುವವನು ಮೇಧಾಳಿಗಾಗಿಯೇ ತಯಾರಾಗುತ್ತಿರುವ ಇನ್ನೊಬ್ಬ ವರನಿರಬೇಕು. ಪೈಪೋಟಿಗೆ ಬಿದ್ದು ಎಲ್ಲವನ್ನೂ ಬಾಯಿಪಾಠ ಮಾಡಿದ. ಅಂಕಲ್ ಬೆನ್ನ ಹಿಂದಿನ ಕಿಟಕಿಯಲ್ಲಿ, ಹಿತ್ತಲ ಉಯ್ಯಾಲೆಯ ಮೇಲೆ ಕಣ್ಣು ಮುಚ್ಚಿ ಮುಗುಳ್ನಗುತ್ತ ಕೂತ ಆಂಟಿ ಕಾಣುತ್ತಿದ್ದರು. ಎಂಥ ನೆಮ್ಮದಿಯ ಸಂಸಾರ ಎಂದು ಇವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಸ್ಯಾನ್ ಪೀಡ್ರೊದಲ್ಲಿ, ಸಮುದ್ರದೆದುರಿನ ಪಾರ್ಕಿನಲ್ಲಿ, ಬೆಂಚಿನ ಆ ತುದಿಗೆ ಮೇಧಾ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಇವನು ಈ ತುದಿಗೆ ಕೂತ. ದೂರದಲ್ಲಿ ಸರಕಿನ ಹಡಗುಗಳು ಬಂದರಿನೊಳಗೆ ಹೋಗಲು ಸರದಿ ಕಾಯುತ್ತ ನಿಂತಿದ್ದವು.

"ಗೋಡೆ ಇಲ್ದೇ ಇರೋದೇ ಆ ಕೋಟೆಯ ಸೊಬಗು, ಅಲ್ವಾ?" ಎಂದು ಗೋಪಿನಾಥ ಶುರು ಹಚ್ಚಿದ.

"ಹೌದೌದು," ಎಂದಳು ಅವಳು, ಅದೇ ಹುಬ್ಬು ಏರಿಸಿ. "ಆ ಸಗಣಿ ಬೆಂಕಿ ನೆನೆಸ್ಕೊಂಡ್ರೇನೇ ಮೈ ಜುಂ ಅನ್ನುತ್ತೆ."

ಅವನು ಕೋಟೆಗೆ ಬಡಿದ ಕಾಲರಾ ಎಂದ. ಅವಳು ಸೈನಿಕರು ಕಾವಲು ಕಾದ ರೈಲು ದಾರಿ ಎಂದಳು. ಅವನು ಕ್ಯಾಪ್ಟನ್ನನ ಹೆಸರು ನುಂಗಿ, ಮೀಸೆಯನ್ನಷ್ಟೇ ವರ್ಣಿಸಿದ. ಅವಳು ಮಾಸ್ಕಿನೊಳಗೇ ಆಕಳಿಸಿದ್ದು ಕಂಡಿತು. ಕಲಿತದ್ದು ಸಾಲಲಿಲ್ಲ. ಇವಳೂ ಕೈತಪ್ಪಿದಳು. ಇನ್ನು ಆ ಫ್ರಿಜ್ಜೇ ಗತಿ ಎಂದು ಅಳು ಬಂದಂತಾಯಿತು.

ಆಕಳಿಕೆ ಮುಚ್ಚಿಕೊಳ್ಳಲು ಮೇಧಾ ತಡಬಡಿಸಿದಳು. "ಎಲ್ಲಾ ಸರಿ, ಆದ್ರೆ ಪಾಪ, ಗುಂಡ ಸತ್ತ ದಿನ ಇಡೀ ಕೋಟೆ ಊಟ ಬಿಟ್ಟಿತ್ತು ನೋಡಿ."

ಗುಂಡ ಎಂಬುದು ಅಂಕಲ್ಲೇ ಇಟ್ಟ ಹೆಸರು! ಗೋಪಿನಾಥ ಅವಳನ್ನು ನೋಡಿದ.

"ನೀವು... ಐಪ್ಯಾಡಾ?"

ಅವಳು ಮಾಸ್ಕ್ ಕೆಳಗೆಳೆದಳು. "ಅಯ್ಯೋ, ಆ ಇನ್ನೊಂದು ಕಪ್ಪು ಚೌಕ ನೀವಾ? ನಿಮಗೆ ಕೋಟೆ ಅಂದ್ರೆ ಪ್ರಾಣ ಅಂತ ಕುಮುದಾ ಆಂಟಿ ಹೇಳಿದ್ರು! ನನಗೆ ಹಿಸ್ಟರಿ ಅಂದ್ರೆ ನಿದ್ದೆ ಬರುತ್ತೆ ರೀ."

"ನನಗೂ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮನೆಯ ಕರಿಬೇವಿನ ಗಿಡದ ಜೊತೆ ಮಾತಾಡುತ್ತಾಳೆಂದು ತಿಳಿದಾಗ ಗೋಪಿನಾಥ ಫ್ರಿಜ್ಜಿನ ವಿಷಯವನ್ನೂ ಹೇಳಿಬಿಟ್ಟ. ಮಾತು ಮುಗಿಯಲೇ ಇಲ್ಲ. ಸಂಜೆಯ ಹೊತ್ತಿಗೆ ಮದುವೆ ನಿಕ್ಕಿಯಾಯಿತು. ಹನಿಮೂನಿಗೆ ಕ್ಯಾನ್ಸಸ್ ಒಂದು ಬಿಟ್ಟು ಎಲ್ಲಿಗಾದರೂ ಸೈ ಎಂದು ಒಪ್ಪಂದವೂ ಆಯಿತು.

ಕಾರಿನಲ್ಲಿ ಕೂತು, ಸ್ಪೀಕರ್ ಹಾಕಿ, ಆಂಟಿಗೆ ಫೋನ್ ಮಾಡಿದರು.

"ಆಂಟಿ, ಇಬ್ಬರಿಗೂ ಒಪ್ಪಿಗೆ! ಆದ್ರೆ ನಮಗೆ ಕೋಟೆ ಅಂದ್ರೆ ಆಗಲ್ಲ. ನಿಮಗೆಲ್ಲೋ ಕನ್‌ಫ್ಯೂಸ್ ಆಗಿದೆ."

"ಹೌದಾ? ವಯಸ್ಸಾಯ್ತು ಕಣೋ, ಮರೆವು. ಒಳ್ಳೇದಾಗ್ಲಿ."

"ಇನ್ನು ಭಾನುವಾರ ಕ್ಲಾಸಿಗೆ ಬರಲ್ಲ ಅಂತ ಅಂಕಲ್‌ಗೆ ಹೇಳಿಬಿಡಿ."

"ಇಬ್ಬರೂನಾ?" ಎಂದರು ಆಂಟಿ, ಸಣ್ಣ ದನಿಯಲ್ಲಿ.

ಗಾಬರಿಯಲ್ಲಿ ಮೊಬೈಲ್ ಕಟ್ ಮಾಡುವುದನ್ನೇ ಅವರು ಮರೆತರು. ಅಂಕಲ್ ದನಿ ಹತ್ತಿರವಾಗುತ್ತ ಬಂತು: "ಕುಮುದಾ, ಬಿಡುವಾಗಿದ್ದೀಯಾ? ಗುಂಡನ ಲಾಳದ ವಿಷಯ ನಿಂಗೆ ಪೂರ್ತಿ ಹೇಳೇ ಇಲ್ಲ." ಕುರ್ಚಿ ಎಳೆದ ಸದ್ದು. ಓಡುವ ಹೆಜ್ಜೆ. ಬಾಗಿಲು ದಢಾರನೆ ಮುಚ್ಚಿತು. ಮನೆಯ ಇನ್ನೊಂದು ಫೋನಿನ ಗುಂಡಿಗಳನ್ನು ಯಾರೋ ಟಕಟಕ ಒತ್ತಿದರು.

"ಹಲೋ, ಚನ್ನವೀರಾ? ನಿಂಗೆ ನಿರುಪಮಾ ಅಂತ ಒಂದು ಹುಡುಗಿ ನೋಡಿದ್ದೀನಿ ಕಣೋ. ಒಂದೇ ಒಂದು ವಿಷಯ, ಅವಳಿಗೆ ಕೋಟೆ ಅಂದ್ರೆ ಪ್ರಾಣ!"