ಕೆಂಪು ರಟ್ಟಿನ ಪುಸ್ತಕ

ಚರ್ಚಿನಲ್ಲಿ ಬೈಬಲ್ ಪಾಠ ಓದಲು ನಿಂತ ಅತ್ತೆ ಪೀಠದ ಮೇಲಿನ ಪುಸ್ತಕ ತೆರೆಯುವಾಗ ಅದರ ಕೆಂಪು ರಟ್ಟು ಸೊಸೆಯ ಕಣ್ಣಿಗೆ ಬಿತ್ತು. ಚರ್ಚಿನ ವರ್ಷಕ್ಕೆ ಇದು ಕೊನೆಯ ಭಾನುವಾರ. ಹೊಸ ವರ್ಷದ ಪಾಠಗಳಿರುವ ಕೆಂಪು ಪುಸ್ತಕ ಬರಬೇಕಾದದ್ದು ಮುಂದಿನ ವಾರ. ಪುಸ್ತಕ ಇಡುವ ಕೆಲಸ ಅವಳಿಗೆ ಸಿಕ್ಕಿದ್ದೇ ಮೊದಲ ಸಲ. ವಾರಗಳನ್ನು ಮೂರು ಮೂರು ಸಲ ಎಣಿಸಿಯೂ ಒಂದು ವಾರ ಮುಂಚೆಯೇ ಈ ವರ್ಷದ ಹಸಿರು ಪುಸ್ತಕವನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದಳು.

ಇನ್ನೇನು ಅತ್ತೆ ತಲೆಯೆತ್ತುತ್ತಾರೆ, ಇಡೀ ಸಭೆ ತನ್ನತ್ತ ತಿರುಗುತ್ತದೆ ಎಂದು ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಅತ್ತೆ ಕನ್ನಡಕ ಸರಿಪಡಿಸಿಕೊಂಡರು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ಕಳೆದುಹೋದ ಕುರಿಗಳನ್ನು ತಾನೇ ಹುಡುಕಿ ತರುವ ಕುರುಬನ ಮಾತು. ಹಸಿರು ಪುಸ್ತಕದಲ್ಲಿದ್ದ ಇಂದಿನ ಪಾಠವೇ ಅದು. ವಾರವಿಡೀ ಪಾತ್ರೆ ತೊಳೆಯುತ್ತ ಅವರು ಗುನುಗಿದ್ದು. ಕೆಂಪು ಪುಸ್ತಕದ ಬೇರೆ ಯಾವುದೋ ಸಾಲುಗಳ ಮೇಲೆ ಬೆರಳು ಸಾವಕಾಶವಾಗಿ ಸರಿಯುತ್ತಿತ್ತು. ನಡುವೆ ಒಮ್ಮೆ ಹಾಳೆಯನ್ನೂ ಮಗುಚಿದರು. ಒಬ್ಬರಿಗೂ ಸುಳಿವು ಸಿಗಲಿಲ್ಲ.

ಓದು ಮುಗಿಸಿ ಬಂದ ಅತ್ತೆ ಪಕ್ಕದಲ್ಲಿ ಕುಳಿತು ಸೊಸೆಯ ಕೈ ಹಿಡಿದರು. ಅವರ ಅಂಗೈ ಬೆವರಿ ಒದ್ದೆಯಾಗಿತ್ತು.

"ತಪ್ಪಾಯ್ತು ಅತ್ತೆ," ಸೊಸೆ ಪಿಸುಗುಟ್ಟಿದಳು.

"ಅದೆಲ್ಲ ಮನೇಲಿ. ಮುಂದಿನ ಪಾಠ ಓದೋದು ನಿನ್ನ ಗಂಡ. ಅವನಿಗೆ ಸ್ವಂತ ಫೋನ್ ನಂಬರೇ ಬಾಯಿಗೆ ಬರಲ್ಲ. ಕೀರ್ತನೆ ಮುಗಿಯೋದ್ರೊಳಗೆ ಹಸಿರು ಪುಸ್ತಕ ಇಟ್ಟು ಬಾ."

ಕೀರ್ತನೆ ಶುರುವಾಗಿತ್ತು. ಆ ಒದ್ದೆ ಅಂಗೈಯನ್ನು ಒಮ್ಮೆ ಒತ್ತಿ ಹಿಡಿದು ಸೊಸೆ ಎದ್ದಳು.