ಚುಕ್ಕಾಣಿಯ ಉಡದಾರ

"ಉಡದಾರ ಕೊಯ್ಯಿ ತಮ್ಮಾ. ಅದನ್ನ ಕೊಯ್ಯದ ಮಣ್ಣು ಮಾಡಬಾರದು," ಎಂದು ಅಣ್ಣ ಕುಡುಗೋಲನ್ನು ಪಂಪಣ್ಣನ ಕೈಗಿತ್ತ. ಗುಂಡಿಯ ಅಂಚಿನಲ್ಲಿ, ಕಂಬಳಿಯ ಮೇಲಿದ್ದದ್ದು ಮಗ ಸುಂಕೇಶನ ದೇಹವಲ್ಲ, ಹಾಯಿದೋಣಿಯ ಚುಕ್ಕಾಣಿ ಚಕ್ರ. ವಿಶಾಖಪಟ್ಟಣದ ಕಡಲು ಅವನನ್ನು ಇಟ್ಟುಕೊಂಡು ದೋಣಿಯನ್ನಷ್ಟೇ ದಡಕ್ಕೆ ಎಸೆದಿತ್ತು. ಅದೇ ದೋಣಿಯಲ್ಲಿ ಅವನ ಜೊತೆ ದುಡಿಯುತ್ತಿದ್ದ ಹಾರಿಕಾ ಈ ಚಕ್ರವನ್ನು ಬಿಚ್ಚಿಸಿ ಅವನ ಗಡಿಯೂರು ಹೊಳಗುಂದದವರೆಗೆ ಹೊತ್ತು ತಂದಿದ್ದಳು.

ಚಕ್ರದ ಒಂದು ಕಡ್ಡಿಯ ತುದಿಗೆ ಕರಿಯ ಉಣ್ಣೆಯ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಮಗ ಊರು ಬಿಡುವಾಗ ಪಂಪಣ್ಣನೇ ತನ್ನ ಕುರಿಗಳ ಉಣ್ಣೆ ಹೊಸೆದು ಅವನ ಸೊಂಟಕ್ಕೆ ಕಟ್ಟಿದ್ದ ದಾರ ಅದು.

"ನಾ ಕಟ್ಟಿದ್ದು ಮೈಮ್ಯಾಲೆ ಬ್ಯಾಡಾತೇನ ಅವಗ? ಬಿಚ್ಚಿ ಕಬ್ಬಿಣಕ್ಕ ಸುತ್ಯಾನ," ಎನ್ನುತ್ತ ಅವನು ಕುಡುಗೋಲನ್ನು ದಾರದಡಿ ತೂರಿಸಿದ.

ಹಾರಿಕಾ ಅವನ ಮುಂಗೈ ಹಿಡಿದಳು. ಅವಳು ತೆಲುಗಿನಲ್ಲಿ ಹೇಳಿದ್ದು ಎಲ್ಲರಿಗೂ ತಿಳಿಯಿತು. ಈ ದಾರವಿರುವ ಕಡ್ಡಿ ನೆಟ್ಟಗೆ ಮೇಲಕ್ಕೆ ಬಂದರೆ ದೋಣಿ ನೇರ ಹೋಗುತ್ತಿದೆ ಎಂದರ್ಥ. ಕಡಲಲ್ಲಿ ತನ್ನ ಕೈಯೇ ತನಗೆ ಕಾಣದಂಥ ಕತ್ತಲಾದಾಗ ಸುಂಕೇಶ ಇದನ್ನೇ ಬೆರಳಿನಿಂದ ತಡವಿ ದೋಣಿ ನಡೆಸುತ್ತಿದ್ದ.

"ಕೊಯ್ಯೋ, ಹೊತ್ತಾತು," ಎಂದ ಅಣ್ಣ.

ಪಂಪಣ್ಣ ಕುಡುಗೋಲನ್ನು ಮಣ್ಣಿನ ಮೇಲಿಟ್ಟ. ತಾನೇ ಗುಂಡಿಗಿಳಿದು, ಚಕ್ರವನ್ನು ಇಸಿದುಕೊಂಡು ಮಣ್ಣಿನ ಗೋಡೆಗೆ ಆನಿಸಿ ನಿಲ್ಲಿಸಿದ. ಕಣ್ಣು ಮುಚ್ಚಿ, ದಾರವನ್ನು ಬೆರಳಿನಿಂದ ತಡವುತ್ತ, ಅದು ನೆಟ್ಟಗೆ ಮೇಲಕ್ಕೆ ಬರುವವರೆಗೆ ಮೆಲ್ಲಗೆ ತಿರುಗಿಸಿದ.

"ಇರಲಿ ಬಿಡಣ್ಣಾ," ಎಂದ. "ಕತ್ತಲದಾಗ ಹೊಂಟಾನ."