ಬಾಗಿಲ ತನಕ ಬಾರದವರು

ಪಕ್ಕದ ಮನೆಯ ಮೈರನ್ ಒಳಗೆ ಕಾಲಿಟ್ಟದ್ದೇ ತಡ, ಶವಪೆಟ್ಟಿಗೆಯ ಪಕ್ಕದಲ್ಲಿ ಭರ್ಜರಿಯಾಗಿ ನಡೆಯುತ್ತಿದ್ದ ಇಸ್ಪೀಟಾಟ ನಿಂತುಹೋಯಿತು. ಎಲೆ ಎಸೆಯಲು ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಆ ಕೋಣೆಯಲ್ಲಿ ಗಾಬರಿಯಾಗದೆ ಇದ್ದವನು ಪೆಟ್ಟಿಗೆಯೊಳಗೆ ಮಲಗಿದ್ದ ಎಫ್ರೆನ್ ಒಬ್ಬನೇ.

ಗಾಬರಿಗೆ ಕಾರಣವಿತ್ತು. ಕೆನಡಾದ ವಿನಿಪೆಗ್‌ನ ಆ ಬೀದಿಯಲ್ಲಿ ಯಾರ ಅಂಗಳದ ಹುಲ್ಲು ಒಂದು ಗೇಣು ಬೆಳೆದರೂ, ಯಾರ ಒಲೆಯ ಮೇಲೆ ಒಣಮೀನು ಬಿದ್ದರೂ ನಗರಸಭೆಗೆ ಫೋನು ಹೋಗುತ್ತಿದ್ದದ್ದು ಮೈರನ್ ಮನೆಯಿಂದ. ಇವತ್ತಂತೂ ಎಫ್ರೆನ್‌ನ ಫಿಲಿಪಿನೋ ನೆಂಟರಿಷ್ಟರ ಕಾರುಗಳೆಲ್ಲ ಹಿಮದ ಗುಡ್ಡೆಗಳ ನಡುವೆ ಅಡ್ಡಾದಿಡ್ಡಿ ನಿಂತಿದ್ದವು. ಒಂದಂತೂ ಸೀದಾ ಅವನ ಗ್ಯಾರೇಜಿನ ಬಾಯಿಗೇ. ಅವನೊಂದು ಫೋನು ಮಾಡಿದರೆ ಸಾಕು, ಎಲ್ಲರೂ ಎದ್ದು ಗಾಡಿ ತೆಗೆಯಬೇಕು. ಮಣ್ಣಿಗೆ ಹೋಗುವ ತನಕ ಸತ್ತವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಕಾಯುವವರಿಗೆ ತೂಕಡಿಕೆ ಬಾರದಿರಲೆಂದೇ ಇಸ್ಪೀಟು. ಎಲ್ಲರೂ ಹೋದರೆ ನಿದ್ದೆಗೆಟ್ಟ ಹೆಂಡತಿ ನೆನಿತಾ ಒಬ್ಬಳೇ ಎಷ್ಟು ಹೊತ್ತು ಕಾದಾಳು?

ಮೈರನ್ ಎಲೆಗಳನ್ನು ನೋಡಿದ, ಹುರಿದ ನೆಲಗಡಲೆಯ ತಟ್ಟೆ ನೋಡಿದ, ಆಮೇಲೆ ಹೆಣ ನೋಡಿದ. "ನಾನು ಬಂದಿದ್ದು ಸಾವಿನ ಮನೆಗೆ ತಾನೆ?"

"ಹೌದು ಸರ್," ಎಂದು ಎಫ್ರೆನ್‌ನ ಮಗಳು ಜೊವೆಲಿನ್ ಎದ್ದಳು. "ಅಪ್ಪಂಗೆ ಬೇಜಾರಾಗಬಾರ್ದು ಅಂತ ಆಡ್ತಿದೀವಿ."

"ಅವನಿಗೆ ಬೇಜಾರಾ! ನಮ್ಮಲ್ಲಾದ್ರೆ ಜನ ಅಳ್ತಾರಮ್ಮ."

"ನಾವೂ ಅಳ್ತೀವಿ ಸರ್. ಪಾಳಿ ಹಾಕ್ಕೊಂಡು."

ಯಾರೋ ಕಿಸಕ್ಕೆಂದರು. ಮೈರನ್ ನಗಲಿಲ್ಲ. ಟೋಪಿ ತೆಗೆದು ಪೆಟ್ಟಿಗೆಯ ಬಳಿ ಹೋಗಿ ನಿಂತ. ಎಫ್ರೆನ್‌ನ ಬಾಯಲ್ಲಿ 'ಫ', 'ವ' ಯಾವತ್ತೂ ಸರಿಯಾಗಿ ಹೊರಟಿದ್ದಿಲ್ಲ. ಚಳಿಗಾಲದ ಬೆಳಿಗ್ಗೆ ಬೇಲಿಯಾಚೆಯಿಂದ ಅವನು "ಪ್ರೀಜಿಂಗ್, ಸರ್!" ಎಂದರೆ, ಮೈರನ್ ಮೂಗಿನಲ್ಲಿ "ಬೆರಿ ಪ್ರೀಜಿಂಗ್, ಸರ್!" ಎಂದು ಅಣಕಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಎಫ್ರೆನ್ ಏನು ಕಡಿಮೆಯೇ? ಮನೆಗೆ ಬಂದು ಮೈರನ್‌ನಂತೆ ಪ್ಯಾಂಟು ಎದೆಗೇರಿಸಿ, ಗಂಟಲಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, "ನಗರಸಭೇನಾ? ಇಲ್ಲಿ ಹುಲ್ಲು ಬೆಳೀತಾ ಇದೆ!" ಎಂದು ಗುಡುಗಿ, ಹೆಂಡತಿ ಮಗಳು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಿದ್ದ.

ಈಗ ಅದೇ ಟ್ರ್ಯಾಕ್ಟರ್ ಮೈರನ್‌ನ ಗಂಟಲಲ್ಲಿ ಕಷ್ಟಪಟ್ಟು ಸ್ಟಾರ್ಟ್ ಆಯಿತು. "ಪೆರೋಗಿ ತಂದಿದೀನಿ. ಆಲೂಗಡ್ಡೆ ಕಡುಬು. ನನ್ನ ಹೆಂಡತಿ ಇದ್ದಿದ್ರೆ ಚೆನ್ನಾಗಿ ಮಾಡೋಳು. ನಾನು ಮಾಡಿದ್ದು, ಒಂದೆರಡು ಒಡ್ಕೊಂಡಿದೆ." ಪಾತ್ರೆಯನ್ನು ನೆನಿತಾಳ ಕೈಗೆ ಕೊಟ್ಟು ಕಾದು ನಿಂತ.

ನೆನಿತಾ ಪಾತ್ರೆ ಎದೆಗವಚಿಕೊಂಡಳು. ಕಣ್ಣು ತುಂಬಿತು. ಬಾಯಿ ತೆರೆಯಲಿಲ್ಲ.

"ಅಮ್ಮಾ, ಥ್ಯಾಂಕ್ಸ್ ಹೇಳು," ಎಂದಳು ಜೊವೆಲಿನ್, ತಮ್ಮ ಭಾಷೆಯಲ್ಲಿ, ಹಲ್ಲು ಕಚ್ಚಿಕೊಂಡು.

"ಸಾವಿಗೆ ಬಂದವ್ರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೆ? ನಿಮ್ಮಪ್ಪ ಸತ್ತಿದ್ದು ಒಳ್ಳೇದೇ ಆಯ್ತು ಅಂದಂಗಾಗುತ್ತೆ. ನೀನೂ ಬಾಯಿ ಮುಚ್ಕೊಂಡಿರು."

"ಅವ್ರಿಗೇನು ಗೊತ್ತು ಇದೆಲ್ಲ! ಹೋಗಿ ಫೋನ್ ಮಾಡ್ತಾರೆ ನೋಡು. ನಾನು ಹೇಳ್ತೀನಿ ಅವ್ರಿಗೆ."

"ಪೆಟ್ಟಿಗೆ ಮುಂದೆ ವಾದ ಮಾಡ್ಬೇಡ."

ಅಮ್ಮ ಮಗಳು ಪಿಸುಗುಟ್ಟುವುದನ್ನು ಮೈರನ್ ನೋಡಿದ. ಅರ್ಥವಾಗದ ಮಾತೆಲ್ಲ ತನ್ನ ಮೇಲಿನದೇ ಎಂಬ ನಂಬಿಕೆ ಅವನಿಗೆ ಮೊದಲಿಂದಲೂ ಇತ್ತು. ಇವತ್ತು ಅದು ನಿಜವೂ ಆಗಿತ್ತು. "ಸರಿ, ಬರ್ತೀನಿ," ಎಂದ. ಒಬ್ಬರೂ ಏಳಲಿಲ್ಲ. ಬೆಲೆನ್ ಚಿಕ್ಕಮ್ಮನಂತೂ ಕುರ್ಚಿಯನ್ನೇ ಅತ್ತ ತಿರುಗಿಸಿಕೊಂಡಳು. ಹೆಣವಿರುವ ಮನೆಯಿಂದ ಹೊರಟವರನ್ನು ಕಳಿಸಿಕೊಡಲು ಬಾಗಿಲಿಗೆ ಹೋದರೆ ಮುಂದಿನ ಸರದಿ ಆ ಮನೆಯವರದೇ.

ಜೊವೆಲಿನ್ ಒಂದು ಹೆಜ್ಜೆ ಮುಂದಿಟ್ಟಳು. ನೆನಿತಾ ಅವಳ ಸ್ವೆಟರ್ ಹಿಡಿದೆಳೆದಳು.

ಮೈರನ್ ಬಾಗಿಲ ಬಳಿ ಒಬ್ಬನೇ ಕುಕ್ಕರಿಸಿ ಬೂಟು ಹಾಕಿಕೊಂಡ. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು. ಕಟ್ಟಿದ ಮೇಲೂ ಒಂದು ಕ್ಷಣ ಅಲ್ಲೇ ನಿಂತಿದ್ದ. "ನಾಯಿಯಾದ್ರೂ ಬಾಗಿಲ ತನಕ ಬರುತ್ತೆ," ಎಂದು ಬಾಗಿಲೆಳೆದುಕೊಂಡು ಹೋದ.

ಜೊವೆಲಿನ್ ಕಿಟಕಿಗೆ ಓಡಿದಳು. ಮೈರನ್ ತನ್ನ ಗ್ಯಾರೇಜಿಗೆ ಅಡ್ಡ ನಿಂತ ಕಾರಿನ ಮುಂದೆ ನಿಂತು, ಕೈಗವಸು ಕಿತ್ತು, ಫೋನು ಹೊರತೆಗೆದ. "ನೋಡು, ನಾನು ಹೇಳ್ಲಿಲ್ವಾ!" ಮೈರನ್ ಫೋನನ್ನು ನೋಡಿದ, ಇವರ ಕಿಟಕಿಯ ಕಡೆ ನೋಡಿದ, ಫೋನು ಹಿಡಿದುಕೊಂಡೇ ತನ್ನ ಮನೆಯ ಮೆಟ್ಟಿಲಿನತ್ತ ಹೆಜ್ಜೆ ಹಾಕಿದ.

"ಅಯ್ಯೋ ದೇವ್ರೆ," ಬೆಲೆನ್ ಚಿಕ್ಕಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು, "ಸೀದಾ ಮನೆಗೇ ಹೋಗ್ತಿದಾನಲ್ಲೇ!"

ಇಸ್ಪೀಟಿನವರೂ ಕಿಟಕಿಗೆ ಮುಗಿಬಿದ್ದರು. ಸಾವಿನ ಮನೆಯಿಂದ ಹೊರಟವನು ಎಲ್ಲಾದರೂ ಒಂದು ಕಾಫಿಯಾದರೂ ಕುಡಿದು ಮನೆಗೆ ಹೋಗಬೇಕು; ಇಲ್ಲದಿದ್ದರೆ ಸತ್ತವನು ಅವನ ಬೆನ್ನ ಹಿಂದೆಯೇ ಮನೆ ಸೇರುತ್ತಾನೆ.

"ಅಮ್ಮಾ, ಓಡಿಹೋಗಿ ತಡೀತೀನಿ! ಮೂಲೆ ಅಂಗಡಿಗೆ ಹೋಗಿ ಬರ್ಲಿ."

ನೆನಿತಾ ಸ್ವೆಟರ್ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಪಾತ್ರೆ ಬೆಚ್ಚಗಿತ್ತು.

"ಬಿಡೇ. ಇಷ್ಟು ವರ್ಷ ನಿಮ್ಮಪ್ಪನ್ನ ಬೇಲಿ ಆಚೆನೇ ನಿಲ್ಸಿದ್ದ. ಇವತ್ತಾದ್ರೂ ಒಳಗೆ ಹೋಗ್ಲಿ."

ಆಚೆ, ಮಂಜಿಗೆ ಬಿಗಿದುಕೊಂಡಿದ್ದ ಬಾಗಿಲನ್ನು ತಳ್ಳಲು ಎರಡೂ ಕೈ ಬೇಕಾಗಿ ಮೈರನ್ ಫೋನನ್ನು ಜೇಬಿಗಿಳಿಸಿದ. ಬಾಗಿಲು ಪೂರ್ತಿ ತೆರೆದುಕೊಂಡಿತು. ಅದನ್ನು ಬೆನ್ನಿಂದ ಒತ್ತಿ ಹಿಡಿದು, ಒಂದು ಬದಿಗೆ ಸರಿದು ನಿಂತು, ನಿಧಾನವಾಗಿ ಬೂಟಿನ ಹಿಮ ಕೊಡವತೊಡಗಿದ.